ಕಸದ ಲಾರಿಯ ಸುತ್ತ ಜೀವ ಉಳಿಸಿಕೊಳ್ಳುವ ಬಗೆ: ತಂಡ ನಡೆಸುವವರಿಗೊಂದು ಕೈಪಿಡಿ

ಕಸ ಸಾಗಿಸುವ ಕೆಲಸದಲ್ಲಿ ಸುರಕ್ಷತೆ ಎಂದ ಕೂಡಲೇ ನೆನಪಾಗುವುದು ಗ್ಲೌಸು, ಮಾಸ್ಕು. ಖರೀದಿ ಪಟ್ಟಿಯಲ್ಲಿ ಮೊದಲು ಬರುವುದೂ ಅವೇ, ಫೋಟೋದಲ್ಲಿ ಕಾಣುವುದೂ ಅವೇ. ಆದರೆ ಈ ಕೆಲಸದಲ್ಲಿ ನಿಂತ ನಿಲುವಿನಲ್ಲೇ ಜೀವ ತೆಗೆಯುವುದು ಹೆಚ್ಚಾಗಿ ಕಸವಲ್ಲ, ಕಸದ ಲಾರಿ. ಹಿಂದಕ್ಕೆ ಬರುವ ಚಕ್ರ, ಕಸ ಒತ್ತುವ ಬ್ಲೇಡು, ಮೇಲಿಂದ ಕುಸಿಯುವ ಹಿಂಬಾಗಿಲು, ಪಕ್ಕದಲ್ಲಿ ಧಾವಿಸುವ ಬೇರೆಯವರ ಗಾಡಿ. ಇವುಗಳೆದುರು ಗ್ಲೌಸು ಏನೂ ಮಾಡದು. ಕಸದಿಂದಾಗುವ ಹಾನಿ ಬಹುಪಾಲು ನಿಧಾನದ್ದು: ಸೊಂಟ, ಭುಜ, ಶ್ವಾಸಕೋಶ, ಕಿವಿ. ಅದಕ್ಕೇ ಇಲ್ಲಿ ಲಾರಿಯ ಮಾತು ಮೊದಲು, ಗ್ಲೌಸಿನ ಮಾತು ಕೊನೆಗೆ.

ಹೊರಡುವ ಮೊದಲು

ಲಾರಿಯ ಸುತ್ತ ಒಂದು ಸುತ್ತು ಬರಲು ಹತ್ತು ನಿಮಿಷ ಸಾಕು. ಟೈರು, ದೀಪ, ಕನ್ನಡಿ, ರಿವರ್ಸ್ ಹಾರ್ನ್ ಎಲ್ಲ ಲಾರಿಗೂ ಇರುವಂಥವೇ. ಕಸದ ಲಾರಿಗೆ ಇನ್ನು ಕೆಲವು ಬೇರೆ ಇವೆ.

ಹಿಂದಿನ ಕ್ಯಾಮೆರಾದ ಗಾಜನ್ನು ದಿನವೂ ಒರೆಸಿ. ಕಸದ ನೀರು ಸಿಡಿದು ಒಣಗಿ ಪೊರೆ ಕಟ್ಟಿದರೆ ಪರದೆಯಲ್ಲಿ ಮಸುಕು ಮಾತ್ರ ಕಾಣುತ್ತದೆ, ಡ್ರೈವರ್‌ ಅದಕ್ಕೇ ಒಗ್ಗಿಕೊಂಡುಬಿಡುತ್ತಾನೆ. ತುರ್ತು ನಿಲುಗಡೆಯ ಕೆಂಪು ಗುಂಡಿ ಎರಡೂ ಬದಿಯಲ್ಲಿ ಇರಬೇಕು. ಅದು ಇದೆಯೇ ಎಂದು ಕಣ್ಣಲ್ಲಿ ನೋಡಿದರೆ ಸಾಲದು. ಖಾಲಿ ಲಾರಿಯಲ್ಲಿ ಬ್ಲೇಡು ಓಡಿಸಿ, ನಡುವೆ ಒತ್ತಿ ನೋಡಿ. ಬ್ಲೇಡು ಆ ಕ್ಷಣ ನಿಲ್ಲಬೇಕು. ಗುಂಡಿಯನ್ನು ಬಿಡಿಸಿದಾಗ ಅದು ತಾನಾಗಿ ಮತ್ತೆ ಚಲಿಸಬಾರದು, ಯಾರಾದರೂ ಸ್ಟಾರ್ಟ್ ಗುಂಡಿ ಒತ್ತಿದರೆ ಮಾತ್ರ ಹೊರಡಬೇಕು. ಬಿಟ್ಟ ಕೂಡಲೇ ಬ್ಲೇಡು ಅಲುಗಿದರೆ ಆ ಲಾರಿ ಅಂದು ಹೊರಡಬಾರದು.

ಹೈಡ್ರಾಲಿಕ್ ಹೋಸಿನಲ್ಲಿ ಸೋರಿಕೆ ಹುಡುಕುವಾಗ ಬೆರಳು ಆಡಿಸಬೇಡಿ. ಸೂಜಿಮೊನೆಯಷ್ಟು ತೂತಿನಿಂದ ಹೊಮ್ಮುವ ಎಣ್ಣೆಗೆ ಚರ್ಮ ತೂರಿ ಒಳಹೋಗುವಷ್ಟು ಒತ್ತಡ ಇರುತ್ತದೆ. ಗಾಯ ಸಾಸಿವೆಯಷ್ಟೇ, ಮೊದಲು ನೋವೂ ಹೆಚ್ಚಿರುವುದಿಲ್ಲ. ಆದರೆ ಒಳಗೆ ಮಾಂಸ ಸಾಯತೊಡಗಿರುತ್ತದೆ, ತಡವಾದರೆ ಬೆರಳನ್ನೇ ತೆಗೆಯಬೇಕಾಗಬಹುದು. ಒಂದು ರಟ್ಟಿನ ತುಂಡನ್ನು ಹೋಸಿನ ಉದ್ದಕ್ಕೂ ಹಿಡಿದು ನೋಡಿ, ಎಣ್ಣೆ ಬಿದ್ದಲ್ಲಿ ಸೋರಿಕೆ. ಯಾರಿಗಾದರೂ ಹೀಗೆ ಎಣ್ಣೆ ಚುಚ್ಚಿದರೆ ಬ್ಯಾಂಡೇಜು ಸುತ್ತಿ ಕೂರಿಸಬೇಡಿ. ನೇರ ಶಸ್ತ್ರಚಿಕಿತ್ಸೆ ಇರುವ ಆಸ್ಪತ್ರೆಗೆ ಒಯ್ದು, 'ಒತ್ತಡದ ಎಣ್ಣೆ ಚರ್ಮದೊಳಗೆ ಹೊಕ್ಕಿದೆ' ಎಂದು ಬಾಯಿಬಿಟ್ಟು ಹೇಳಿ. ಗಾಯದ ಗಾತ್ರ ನೋಡಿದರೆ ವೈದ್ಯರೂ ಮೋಸಹೋಗಬಹುದು.

ಲಾರಿಯಲ್ಲಿ ಇರಬೇಕಾದ ಸಾಮಾನು: ಸೂಜಿಮೊನೆ ತೂರದ ಗಟ್ಟಿ ಪ್ಲಾಸ್ಟಿಕ್ ಡಬ್ಬಿ ಮುಚ್ಚಳ ಸಮೇತ, ಉದ್ದ ಹಿಡಿಯ ಚಿಮ್ಮಟ, ಸಲಿಕೆ, ಪೊರಕೆ, ಕಣ್ಣು ತೊಳೆಯಲು ಕನಿಷ್ಠ ಒಂದು ದೊಡ್ಡ ಕ್ಯಾನು ಶುದ್ಧ ನೀರು, ಸೋಪು, ಪ್ರಥಮ ಚಿಕಿತ್ಸೆ ಪೆಟ್ಟಿಗೆ, ಮುಳ್ಳು ಹಸಿರು ಗೆರೆಯಲ್ಲಿರುವ ಅಗ್ನಿಶಾಮಕ ಸಿಲಿಂಡರ್, ಎಣ್ಣೆ ಚೆಲ್ಲಿದರೆ ಹಾಕಲು ಮರಳು ಅಥವಾ ಮರದ ಹೊಟ್ಟು. ಕುಡಿಯುವ ನೀರು ಬೇರೆ, ಅದು ಕ್ಯಾಬಿನ್ನಿನ ಒಳಗೆ.

ರಿವರ್ಸ್

ಎಲ್ಲಕ್ಕಿಂತ ಒಳ್ಳೆಯ ರಿವರ್ಸ್ ಎಂದರೆ ತೆಗೆದುಕೊಳ್ಳದ ರಿವರ್ಸ್. ರೂಟ್ ಮಾಡುವಾಗಲೇ ಲಾರಿ ಒಂದು ಕಡೆ ಹೊಕ್ಕು ಇನ್ನೊಂದು ಕಡೆ ಹೊರಬರುವಂತೆ ಬೀದಿಗಳನ್ನು ಜೋಡಿಸಿ. ತಿರುಗಲು ಜಾಗವಿಲ್ಲದ ಓಣಿಗೆ ಸಣ್ಣ ಗಾಡಿ ಕಳಿಸಿ, ಇಲ್ಲವೇ ಬಿನ್ನುಗಳನ್ನು ಓಣಿಯ ಬಾಯಿಗೆ ತಳ್ಳಿ ತನ್ನಿ. ಉಳಿದ ಅನಿವಾರ್ಯ ರಿವರ್ಸ್‌ಗಳನ್ನು ರೂಟಿನ ಹಾಳೆಯಲ್ಲಿ ಕೆಂಪಿನಲ್ಲಿ ಗುರುತು ಮಾಡಿ. ಹೊಸ ಡ್ರೈವರ್‌ಗೆ ಅದೇ ಮೊದಲ ಪಾಠವಾಗಲಿ.

ರಿವರ್ಸ್ ತೆಗೆಯುವಾಗ ಸಿಗ್ನಲ್ ಕೊಡುವವರು ಒಬ್ಬರೇ. ಇಬ್ಬರು ಕೈಬೀಸಿದರೆ ಡ್ರೈವರ್‌ ತನಗೆ ಬೇಕಾದ ಕೈಯನ್ನು ನೋಡುತ್ತಾನೆ. ಸಿಗ್ನಲ್ ಕೊಡುವವರು ಲಾರಿಯ ನೇರ ಹಿಂದೆ ನಿಲ್ಲಬಾರದು, ಡ್ರೈವರ್‌ ಬದಿಯ ಹಿಂಮೂಲೆಯಿಂದ ಓರೆಯಾಗಿ, ಕನ್ನಡಿಯಲ್ಲಿ ಮುಖ ಕಾಣುವಂತೆ ನಿಲ್ಲಬೇಕು. ಲಾರಿಗೂ ಗೋಡೆಗೂ ನಡುವೆ, ಲಾರಿಗೂ ನಿಂತ ಕಾರಿಗೂ ನಡುವೆ ಎಂದೂ ನಿಲ್ಲಬಾರದು. ಹಿಂದೆ ಹಿಂದೆ ನಡೆಯುತ್ತ ಸಿಗ್ನಲ್ ಕೊಟ್ಟರೆ ಎಡವುವುದು ಖಂಡಿತ. ಒಂದು ಜಾಗಕ್ಕೆ ಹೋಗಿ ನಿಂತು, ಲಾರಿ ಹತ್ತಿರ ಬಂದಾಗ ನಿಲ್ಲಿಸಿ, ಮತ್ತೆ ಜಾಗ ಬದಲಿಸಿ. ಸನ್ನೆಗಳು ಮೊದಲೇ ಗೊತ್ತುಮಾಡಿದ್ದಿರಲಿ: ಬಾ, ನಿಧಾನ, ಎಡ, ಬಲ, ನಿಲ್ಲು. ಇಷ್ಟೇ ಐದು ಸಾಕು.

ಡ್ರೈವರ್‌ಗೆ ಇರುವ ನಿಯಮ ಇನ್ನೂ ಸರಳ. ಕನ್ನಡಿಯಲ್ಲಿ ಆ ವ್ಯಕ್ತಿ ಕಾಣದಾದ ಕ್ಷಣ ಬ್ರೇಕು. 'ಪಕ್ಕಕ್ಕೆ ಸರಿದಿರಬೇಕು' ಎಂದುಕೊಂಡು ಇನ್ನೊಂದು ಮೀಟರ್ ಬಿಡುವುದರಲ್ಲೇ ಸಾವು ಇರುವುದು. ಉಳಿದವರು ಆ ಹೊತ್ತಿನಲ್ಲಿ ಬಿನ್ನು ಮುಟ್ಟದೆ ಲಾರಿಯ ಮುಂದುಗಡೆ ಫುಟ್‌ಪಾತಿನಲ್ಲಿ ನಿಲ್ಲಬೇಕು. ರಿವರ್ಸ್ ಹಾರ್ನನ್ನು ಪೂರ್ತಿ ನಂಬಬೇಡಿ. ದಿನಕ್ಕೆ ನೂರು ಸಲ ಅದೇ ಬೀಪ್ ಕೇಳುವ ಕಿವಿಗೆ ಅದು ಕೇಳಿಸುವುದೇ ಇಲ್ಲ. 'ಶ್ಶ್ ಶ್ಶ್' ಎಂದು ಸದ್ದು ಮಾಡುವ ಬಗೆಯ ಹಾರ್ನುಗಳು ಸಿಗುತ್ತವೆ. ಸದ್ದು ಯಾವ ದಿಕ್ಕಿನಿಂದ ಬರುತ್ತಿದೆ ಎಂದು ಅವುಗಳಲ್ಲಿ ಬೇಗ ತಿಳಿಯುತ್ತದೆ.

ಇನ್ನು ಹಿಂದಿನ ಮೆಟ್ಟಿಲ ಮೇಲೆ ನಿಂತು ಹೋಗುವ ಅಭ್ಯಾಸ. ಯುರೋಪಿನ ಇಎನ್ 1501-1 ಮಾನದಂಡದ ಪ್ರಕಾರ ಮೆಟ್ಟಿಲ ಮೇಲೆ ಯಾರಾದರೂ ನಿಂತಿದ್ದರೆ ಲಾರಿ ಗಂಟೆಗೆ 30 ಕಿ.ಮೀ. ದಾಟಬಾರದು, ರಿವರ್ಸ್ ಗೇರ್ ಕೆಲಸವೇ ಮಾಡಬಾರದು. ಅಮೆರಿಕದ ಮಾನದಂಡ ಇನ್ನೂ ಬಿಗಿ: ವೇಗ ಗಂಟೆಗೆ ಸುಮಾರು 16 ಕಿ.ಮೀ., ದೂರ ಸುಮಾರು 320 ಮೀಟರ್, ಅದರಾಚೆ ಹೋಗುವುದಾದರೆ ಕ್ಯಾಬಿನ್ನಿಗೆ ಬರಬೇಕು. ಮೆಟ್ಟಿಲಿನ ಸೆನ್ಸರ್ ರಿವರ್ಸ್ ತಡೆಯುತ್ತದೆ ಎಂಬ ಕಿರಿಕಿರಿಗೆ ಅದರ ವೈರು ಕಿತ್ತಿಟ್ಟ ಲಾರಿಗಳೂ ಉಂಟು. ಕೆಟ್ಟ ಸೆನ್ಸರಿಗಿಂತ ಕಿತ್ತ ಸೆನ್ಸರ್ ಅಪಾಯ, ಏಕೆಂದರೆ ಬದಲಿ ಡ್ರೈವರ್‌ಗೆ ಅದು ಗೊತ್ತಿರುವುದಿಲ್ಲ. ನಮ್ಮನ್ನು ಕೇಳಿದರೆ ಮೆಟ್ಟಿಲು ಮನೆಯಿಂದ ಮನೆಗೆ ಸರಿಯುವಷ್ಟಕ್ಕೆ ಮಾತ್ರ. ಕಂಬಿಗೆ ಎರಡೂ ಕೈ, ಮೊಬೈಲು ಜೇಬಿನಲ್ಲಿ, ಲಾರಿ ಪೂರ್ತಿ ನಿಂತ ಮೇಲೆ ಇಳಿಯುವುದು. ಜಿಗಿದು ಇಳಿದು ಪಾದ ಉಳುಕಿಸಿಕೊಳ್ಳುವುದು ಈ ಕೆಲಸದ ಅತಿ ಸಾಮಾನ್ಯ ಗಾಯಗಳಲ್ಲೊಂದು.

ರಸ್ತೆಯಲ್ಲಿ ಒಂದು ಬಾರಿಗೆ ಒಂದೇ ಬದಿಯ ಕಸ ಎತ್ತಿ. ಎರಡೂ ಬದಿಯದನ್ನು ಒಟ್ಟಿಗೆ ಎತ್ತಿದರೆ ಅರ್ಧ ಗಂಟೆ ಉಳಿಯಬಹುದು, ಆದರೆ ತಂಡದ ಪ್ರತಿಯೊಬ್ಬರೂ ವಾಹನಗಳ ನಡುವೆ ನೂರಾರು ಸಲ ರಸ್ತೆ ದಾಟಬೇಕಾಗುತ್ತದೆ. ಲಾರಿಯ ಮೂತಿಗೆ ಒತ್ತಿಕೊಂಡು ಮುಂದಿನಿಂದ ದಾಟಬೇಡಿ. ಎತ್ತರದ ಕ್ಯಾಬಿನ್ನಿನಲ್ಲಿ ಕೂತವರಿಗೆ ಬಂಪರಿನ ಮುಂದಿನ ಒಂದೆರಡು ಮೀಟರ್ ಕಾಣುವುದಿಲ್ಲ.

ಇಲ್ಲಿ ಒಂದು ಮಾತು ತಂಡ ನಡೆಸುವವರಿಗೇ. 'ಕೆಲಸ ಮುಗಿದರೆ ಮನೆಗೆ ಹೋಗಿ' ಎಂಬ ಪದ್ಧತಿ ಎಲ್ಲರಿಗೂ ಪ್ರಿಯ. ಆದರೆ ಅದು ಓಡಲು, ಎರಡೂ ಬದಿ ಎತ್ತಲು, ಊಟ ಬಿಡಲು, ಬ್ಲೇಡು ತಿರುಗುವಾಗಲೇ ಚೀಲ ಎಸೆಯಲು ಕೊಡುವ ಲಂಚ. ಅದನ್ನು ಉಳಿಸಿಕೊಂಡೇ ನಿಧಾನವಾಗಿ ಕೆಲಸ ಮಾಡಿ ಎಂದು ಬೋರ್ಡು ಬರೆಸಿದರೆ ಯಾರೂ ಓದುವುದಿಲ್ಲ.

ಹಾಪರ್ ಮತ್ತು ಬ್ಲೇಡು

ಹಾಪರ್ ಎಂದರೆ ಲಾರಿಯ ಹಿಂದೆ ಕಸ ಹಾಕುವ ಬಾಯಿ. ಅದಕ್ಕೆ ಚೀಲ ಹಾಕಿದ ಮೇಲೆ ಎರಡು ಹೆಜ್ಜೆ ಹಿಂದೆ, ಒಂದು ಹೆಜ್ಜೆ ಪಕ್ಕಕ್ಕೆ. ಬ್ಲೇಡು ಒತ್ತುವಾಗ ಬಾಟಲಿ ಒಡೆದು ಚೂರು ಹಾರುತ್ತದೆ, ಕಟ್ಟಿದ ಚೀಲದಲ್ಲಿನ ದ್ರವ ಪಿಚಕಾರಿಯಂತೆ ಚಿಮ್ಮುತ್ತದೆ, ಉದ್ದದ ಹಲಗೆ ಒಂದು ತುದಿ ಸಿಕ್ಕಿ ಇನ್ನೊಂದು ತುದಿ ಬೀಸುತ್ತದೆ. ನೇರ ಎದುರಿಗೆ ನಿಂತವರಿಗೆ ಅದು ಮುಖಕ್ಕೇ ಬಡಿಯುತ್ತದೆ. ಬ್ಲೇಡಿನ ಗುಂಡಿ ಒತ್ತುವವರಿಗೆ ಹಾಪರ್ ಪೂರ್ತಿ ಕಾಣುತ್ತಿರಬೇಕು, ಉಳಿದವರ ಕೈ ಎಲ್ಲಿದೆ ಎಂಬುದೂ ಕಾಣುತ್ತಿರಬೇಕು. ಬ್ಲೇಡು ಚಲಿಸತೊಡಗಿದ ಮೇಲೆ ಏನು ಬಿದ್ದರೂ ಅದು ಹೋದಂತೆಯೇ. ಫೋನಾಗಲಿ, ಗ್ಲೌಸಾಗಲಿ ತೆಗೆಯಲು ಕೈ ಚಾಚಬಾರದು.

ದೊಡ್ಡ ನಾಲ್ಕು ಚಕ್ರದ ಬಿನ್ನುಗಳನ್ನು, ಮುಖ್ಯವಾಗಿ ರಟ್ಟು ಹಾಕುವ ಬಿನ್ನುಗಳನ್ನು ಎತ್ತುವ ಮೊದಲು ಬದಿಗೆ ಜೋರಾಗಿ ಬಡಿಯಿರಿ, ಮುಚ್ಚಳ ತೆಗೆದು ಒಳಗೆ ನೋಡಿ. ಚಳಿಗೆ, ಮಳೆಗೆ ಅದರೊಳಗೆ ಮಲಗುವವರು ಇರುತ್ತಾರೆ. ಹೀಗೆ ಮಲಗಿದವರು ಲಾರಿಗೆ ಬಿದ್ದು ಸತ್ತ ಘಟನೆಗಳು ಹಲವು ದೇಶಗಳಲ್ಲಿ ನಡೆದಿವೆ. ನೋಡಲು ಹಿಡಿಯುವುದು ಐದು ಸೆಕೆಂಡು.

ಬ್ಲೇಡು ಸಿಕ್ಕಿಹಾಕಿಕೊಂಡಾಗ, ಒಳಗೆ ತೊಳೆಯುವಾಗ, ರಿಪೇರಿ ಮಾಡುವಾಗ ಈ ಕ್ರಮ ತಪ್ಪಬಾರದು:

1. ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಚಕ್ರಕ್ಕೆ ಅಡ್ಡ ಕೊಡಿ. ಪಿಟಿಒ (ಎಂಜಿನ್ನಿನ ಶಕ್ತಿಯನ್ನು ಹೈಡ್ರಾಲಿಕ್ ಪಂಪಿಗೆ ಕೊಡುವ ಜೋಡಣೆ) ಬಿಡಿಸಿ, ಎಂಜಿನ್ ಆಫ್ ಮಾಡಿ.
2. ಕೀ ತೆಗೆದು, ಒಳಗೆ ಕೈಹಾಕುವವರ ಜೇಬಿನಲ್ಲಿಡಿ. ಡ್ರೈವರ್‌ ಜೇಬಿನಲ್ಲಲ್ಲ.
3. ಬ್ಯಾಟರಿ ಸ್ವಿಚ್ ಆಫ್ ಮಾಡಿ ಅದಕ್ಕೆ ಬೀಗ ಹಾಕಿ. ಇಬ್ಬರು ಕೆಲಸ ಮಾಡುವುದಾದರೆ ಎರಡು ಬೀಗ, ತಮ್ಮ ತಮ್ಮ ಕೀಲಿಕೈ ತಮ್ಮಲ್ಲೇ.
4. ಹಿಂಬಾಗಿಲು ಎತ್ತಿದ್ದರೆ ಅದಕ್ಕೆಂದೇ ಇರುವ ಉಕ್ಕಿನ ಊರೆಗಳನ್ನು (ಆಧಾರದ ಕಂಬಗಳನ್ನು) ಎರಡೂ ಬದಿ ಕೊಡಿ. ಮರದ ತುಂಡು, ಜಾಕಿ ನಡೆಯದು.
5. ತಯಾರಕರು ಹೇಳಿದ ರೀತಿಯಲ್ಲಿ ಲಿವರ್‌ಗಳನ್ನು ಆಡಿಸಿ ಹೈಡ್ರಾಲಿಕ್ ಒತ್ತಡ ಇಳಿಸಿ. ಮರದ ತುಂಡು, ಜಾಕಿ ನಡೆಯದು.
6. ಈಗ ಬ್ಲೇಡಿನ ಗುಂಡಿ ಒತ್ತಿ ನೋಡಿ. ಏನೂ ಅಲುಗಬಾರದು.
7. ಆಗಲೂ ಮೊದಲು ಉದ್ದದ ಕೊಕ್ಕೆಯಿಂದ ಪ್ರಯತ್ನಿಸಿ. ಒಳಗೆ ಹೋಗಲೇಬೇಕಾದರೆ ಹೊರಗೆ ಒಬ್ಬರು ನಿಂತಿರಲಿ.
8. ಮುಗಿದ ಮೇಲೆ ತಲೆ ಎಣಿಸಿ, ಆಮೇಲೆ ಬೀಗ ತೆಗೆಯಿರಿ.

ಇದರಲ್ಲಿ ಹೆಚ್ಚಾಗಿ ತಪ್ಪುವುದು ನಾಲ್ಕನೆಯದು. ಹಿಂಬಾಗಿಲಿನ ತೂಕ ಟನ್ ಲೆಕ್ಕದ್ದು, ಅದನ್ನು ಎತ್ತಿ ಹಿಡಿದಿರುವುದು ಎಣ್ಣೆ. ಒಂದು ಹೋಸು ಹರಿದರೆ ಕೆಳಗಿದ್ದವರಿಗೆ ಓಡಲು ಸಮಯವೇ ಇರುವುದಿಲ್ಲ. 'ಒಂದು ನಿಮಿಷ, ರಬ್ಬರ್ ಸೀಲ್ ತೊಳೆದುಬಿಡುತ್ತೇನೆ' ಎನ್ನುವ ಆ ಒಂದು ನಿಮಿಷಕ್ಕೂ ಊರೆ ಬೇಕು.

ಭಾರ

ಎತ್ತುವ ಭಾರಕ್ಕೆ ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ ನಿಯೋಶ್ ಹಾಕಿದ ಸೂತ್ರದಲ್ಲಿ ಮೇಲಿನ ಮಿತಿ 23 ಕೆ.ಜಿ. ಅದೂ ಭಾರ ಮೈಗೆ ಹತ್ತಿರ, ಸೊಂಟದ ಎತ್ತರದಲ್ಲಿ, ಹಿಡಿ ಚೆನ್ನಾಗಿದ್ದು, ತಿರುಚದೆ, ಅಪರೂಪಕ್ಕೆ ಎತ್ತುವಾಗ. ಕಸದ ಚೀಲದ ವಿಷಯದಲ್ಲಿ ಇದರಲ್ಲಿ ಒಂದೂ ನಿಜವಲ್ಲ. ನೆಲದಿಂದ ಎತ್ತಬೇಕು, ಮೈಯಿಂದ ದೂರ ಹಿಡಿಯಬೇಕು, ತಿರುಗಿ ಎಸೆಯಬೇಕು, ದಿನಕ್ಕೆ ನೂರಾರು ಸಲ. ಹಾಗಾಗಿ ಕೈಚೀಲಕ್ಕೆ ನಿಮ್ಮ ಮಿತಿ ಅದಕ್ಕಿಂತ ಬಹಳ ಕೆಳಗಿರಲಿ, ಕೊಡುವವರಿಗೂ ಅದನ್ನು ತಿಳಿಸಿ.

ಚೀಲವನ್ನು ಎತ್ತುವ ಮೊದಲು ಕತ್ತು ಹಿಡಿದು ಸ್ವಲ್ಪ ಜಗ್ಗಿ ತೂಕ ನೋಡಿ. ಪುಟ್ಟ ಚೀಲದಲ್ಲಿ ಒದ್ದೆ ಮಣ್ಣೋ ಟೈಲ್ಸ್ ಚೂರೋ ಇರಬಹುದು, ಸೊಂಟ ಹಿಡಿಯುವುದು ಇಂಥದ್ದರಲ್ಲೇ. ತಳಕ್ಕೆ ಕೈ ಕೊಡಬೇಡಿ, ತೊಡೆಗೆ ತಾಗಿಸಿಕೊಳ್ಳಬೇಡಿ, ಕಾಲಿನಿಂದ ಒತ್ತಬೇಡಿ. ಗಾಜು, ಸೂಜಿ ಕೂರುವುದು ತಳದಲ್ಲಿ. ತಿರುಗಬೇಕಾದಾಗ ಸೊಂಟವಲ್ಲ, ಪಾದ ತಿರುಗಲಿ.

240 ಲೀಟರ್‌ನ ಎರಡು ಚಕ್ರದ ಬಿನ್ನನ್ನು ಸಮತಟ್ಟು ರಸ್ತೆಯಲ್ಲಿ ತಳ್ಳುವುದು ಮೇಲು, ಮೆಟ್ಟಿಲಂಚು ಹತ್ತಿಸುವಾಗ ಎರಡೂ ಕೈಯಿಂದ ಎಳೆಯುವುದು ಮೇಲು. ಒಂದೊಂದು ಕೈಗೆ ಒಂದೊಂದು ಬಿನ್ನು ಹಿಡಿದು ಎಳೆಯುವುದು ಭುಜ ಕೆಡಿಸಿಕೊಳ್ಳುವ ಹತ್ತಿರದ ದಾರಿ. 1100 ಲೀಟರ್‌ನ ಬಿನ್ನಿಗೆ ಇಬ್ಬರು. ಇಳಿಜಾರಿನಲ್ಲಿ ಅದರ ಕೆಳಬದಿಗೆ ಯಾರೂ ಇರಕೂಡದು. ಜಾರಿದರೆ ಬಿಟ್ಟುಬಿಡಿ, ತಡೆಯಲು ಹೋಗಬೇಡಿ.

ಸೂಜಿ ಚುಚ್ಚಿದರೆ

ಚಿಕಿತ್ಸೆಗಿಂತ ಮೊದಲು ಲಸಿಕೆ. ಹೆಪಟೈಟಿಸ್ ಬಿ ಲಸಿಕೆ ಸಾಮಾನ್ಯವಾಗಿ ಮೂರು ಡೋಸು: ಇಂದು, 1 ತಿಂಗಳಿಗೆ, 6 ತಿಂಗಳಿಗೆ. ಇದು ಕೆಲಸಕ್ಕೆ ಸೇರಿದ ವಾರವೇ ಶುರುವಾಗಬೇಕು. ಏಕೆ ಎಂಬುದಕ್ಕೆ ಆಸ್ಪತ್ರೆ ಸಿಬ್ಬಂದಿಯ ಅನುಭವದಿಂದ ಬಂದ ಲೆಕ್ಕ ನೋಡಿ. ಸೋಂಕಿರುವವರಿಗೆ ಬಳಸಿದ ಸೂಜಿ ಚುಚ್ಚಿದರೆ ಎಚ್‌ಐವಿ ತಗಲುವ ಸಂಭವ ಸುಮಾರು ಸಾವಿರಕ್ಕೆ 3. ಲಸಿಕೆ ಹಾಕಿಸದವರಿಗೆ ಹೆಪಟೈಟಿಸ್ ಬಿ ತಗಲುವ ಸಂಭವ ನೂರಕ್ಕೆ 6ರಿಂದ 30. ಜನ ಹೆದರುವುದು ಮೊದಲನೆಯದಕ್ಕೆ, ಹೆದರಬೇಕಾದದ್ದು ಎರಡನೆಯದಕ್ಕೆ, ಮತ್ತು ಅದನ್ನೇ ಲಸಿಕೆ ತಡೆಯುತ್ತದೆ. ಧನುರ್ವಾಯು ಲಸಿಕೆಯೂ ಚಾಲ್ತಿಯಲ್ಲಿರಲಿ: ಬೂಸ್ಟರ್ 10 ವರ್ಷಕ್ಕೊಮ್ಮೆ. ಕೊಳೆ ಹೊಕ್ಕ ಗಾಯವಾದರೆ ಕೊನೆಯ ಡೋಸು 5 ವರ್ಷ ದಾಟಿದೆಯೇ ಎಂದು ವೈದ್ಯರು ಕೇಳುತ್ತಾರೆ.

ಚುಚ್ಚಿದ ಕೂಡಲೇ ಹರಿಯುವ ನೀರು, ಸೋಪು. ರಕ್ತ ತಾನಾಗಿ ಹರಿದರೆ ಹರಿಯಲಿ, ಹಿಂಡಬೇಡಿ, ಬಾಯಿಯಿಂದ ಹೀರಬೇಡಿ, ಬ್ಲೀಚು ಸುರಿಯಬೇಡಿ. ಒಣಗಿಸಿ ಪಟ್ಟಿ ಹಾಕಿ ಆಸ್ಪತ್ರೆಗೆ ಹೊರಡಿ, ಶಿಫ್ಟ್ ಮುಗಿಯಲಿ ಎಂದು ಕಾಯಬೇಡಿ. ಎಚ್‌ಐವಿ ತಡೆಯುವ ಔಷಧ 72 ಗಂಟೆಯೊಳಗೆ ಶುರುವಾಗಬೇಕು, ಮೊದಲ ಕೆಲವು ಗಂಟೆಗಳಲ್ಲಾದರೆ ಇನ್ನೂ ಒಳ್ಳೆಯದು. ವೈದ್ಯರು ಬೇಕೆಂದರೆ ಅದು 28 ದಿನದ ಕೋರ್ಸು. ಸೂಜಿ ಯಾವ ಬೀದಿಯ ಯಾವ ಬಿನ್ನಿನಿಂದ, ಎಷ್ಟು ಹೊತ್ತಿಗೆ ಎಂದು ಬರೆದಿಡಿ. ಹಗಲು ರಾತ್ರಿ ತೆರೆದಿರುವ ಆಸ್ಪತ್ರೆ ಯಾವುದು, ಅಲ್ಲಿ ಈ ಔಷಧ ಇದೆಯೇ ಎಂಬುದನ್ನು ಸೂಜಿ ಚುಚ್ಚುವ ಮೊದಲೇ ವಿಚಾರಿಸಿ, ನಂಬರನ್ನು ಕ್ಯಾಬಿನ್ನಿನಲ್ಲಿ ಅಂಟಿಸಿ.

ನೆಲದ ಮೇಲೆ ಬಿದ್ದ ಸೂಜಿಗೆ ಕ್ಯಾಪು ಹಾಕಲು ಹೋಗಬೇಡಿ. ಡಬ್ಬಿಯನ್ನು ಸೂಜಿಯ ಪಕ್ಕ ನೆಲದಲ್ಲಿಡಿ, ಕೈಯಲ್ಲಿ ಹಿಡಿಯಬೇಡಿ. ಚಿಮ್ಮಟದಿಂದ ಸಿರಿಂಜಿನ ನಡುಭಾಗ ಹಿಡಿದು, ಮೊನೆ ಕೆಳಗೆ ಮಾಡಿ ಹಾಕಿ. ಡಬ್ಬಿ ಮುಕ್ಕಾಲು ತುಂಬಿತೆಂದರೆ ಮುಚ್ಚಿ ಬದಲಿಸಿ.

ಬೆಂಕಿ, ಬ್ಯಾಟರಿ, ಗೊತ್ತಿಲ್ಲದ ಡಬ್ಬ

ಇತ್ತೀಚಿನ ವರ್ಷಗಳಲ್ಲಿ ಲಾರಿಯೊಳಗೆ ಬೆಂಕಿ ಹೊತ್ತಿಸುತ್ತಿರುವುದು ಹೆಚ್ಚಾಗಿ ಲಿಥಿಯಂ ಬ್ಯಾಟರಿ. ಹಳೇ ಫೋನು, ಪವರ್ ಬ್ಯಾಂಕು, ಎಸೆಯುವ ಇ-ಸಿಗರೇಟು, ಆಟಿಕೆ. ಬ್ಲೇಡು ಜಜ್ಜಿದಾಗ ಬ್ಯಾಟರಿಯ ಒಳಪದರ ಹರಿದು ಶಾರ್ಟ್ ಆಗುತ್ತದೆ, ತನ್ನ ಶಾಖದಿಂದಲೇ ತಾನು ಇನ್ನಷ್ಟು ಕಾಯುತ್ತದೆ. ಸುತ್ತ ಒಣ ಕಾಗದ, ರಟ್ಟು. ಬೂದಿಯಲ್ಲಿ ಹುದುಗಿದ ಕೆಂಡವೂ ಹಾಗೆಯೇ, ದಿನಗಟ್ಟಲೆ ಜೀವ ಹಿಡಿದಿರುತ್ತದೆ.

ಹಾಪರಿನಿಂದ ಹೊಗೆ ಬಂದರೆ ಬ್ಲೇಡು ಓಡಿಸಬೇಡಿ. ಜನರ ನಡುವೆ ಹಿಂಬಾಗಿಲು ತೆರೆಯಬೇಡಿ, ಗಾಳಿ ಸಿಕ್ಕ ಕೂಡಲೇ ಹೊಗೆ ಉರಿಯಾಗುತ್ತದೆ. ಅಗ್ನಿಶಾಮಕ ದಳಕ್ಕೆ ಫೋನು ಮಾಡುತ್ತಲೇ ಮನೆ, ಮರ, ವಿದ್ಯುತ್ ತಂತಿ, ಚರಂಡಿ ಇಲ್ಲದ ಗಟ್ಟಿ ನೆಲದ ಬಯಲಿಗೆ ಲಾರಿ ಒಯ್ಯಿರಿ. ಇಂಥ ಜಾಗಗಳನ್ನು ಪ್ರತಿ ರೂಟಿಗೂ ಮೊದಲೇ ಗೊತ್ತುಮಾಡಿಡಿ, ಹೊಗೆ ಕಂಡ ಮೇಲೆ ಹುಡುಕಲು ಆಗದು. ಕಸ ಸುರಿಯಬೇಕೇ ಬೇಡವೇ ಎಂಬುದು, ಸಮಯವಿದ್ದರೆ, ಬಂದ ದಳದವರ ಮಾತು. ಎಲ್ಲರೂ ಗಾಳಿ ಬೀಸಿ ಬರುವ ಕಡೆ ನಿಲ್ಲಿ. ಬ್ಯಾಟರಿಯ ಹೊಗೆ ವಿಷ. ಆರಿದಂತೆ ಕಂಡ ಲಿಥಿಯಂ ಬೆಂಕಿ ಗಂಟೆಗಳ ಮೇಲೂ ಮತ್ತೆ ಹೊತ್ತಿಕೊಳ್ಳುತ್ತದೆ, ಹಾಗಾಗಿ ಆ ಕಸವನ್ನು ಮತ್ತೆ ಲಾರಿಗೆ ತುಂಬುವ ಅವಸರ ಬೇಡ.

ರಾಸಾಯನಿಕದಲ್ಲಿ ಮೂರು ಜೋಡಿ ನೆನಪಿಡಿ. ಬ್ಲೀಚು ಮತ್ತು ಆಸಿಡ್ ಸೇರಿದರೆ ಕ್ಲೋರಿನ್ ಅನಿಲ. ಬ್ಲೀಚು ಮತ್ತು ಅಮೋನಿಯಾ ಸೇರಿದರೆ ಕ್ಲೋರಮಿನ್ ಎಂಬ ವಿಷಾನಿಲ. ಈಜುಕೊಳದ ಕ್ಲೋರಿನ್ ಪುಡಿಗೆ ಬ್ರೇಕ್ ಆಯಿಲ್ ತಾಗಿದರೆ ಬೆಂಕಿ. ಮೂರೂ ಹಾಪರಿನೊಳಗೆ ಯಾರ ಉದ್ದೇಶವೂ ಇಲ್ಲದೆ ನಡೆಯಬಲ್ಲವು. ಲೇಬಲ್ ಇಲ್ಲದ ದ್ರವದ ಕ್ಯಾನನ್ನು ಮೂಸಿ ನೋಡಬೇಡಿ, ಎತ್ತಬೇಡಿ. ಅಲ್ಲೇ ಬಿಟ್ಟು ಮೇಲಿನವರಿಗೆ ತಿಳಿಸಿ. ಕಣ್ಣಿಗೆ ಸಿಡಿದರೆ ರೆಪ್ಪೆ ಬಿಡಿಸಿ ಹಿಡಿದು ಕನಿಷ್ಠ 15 ನಿಮಿಷ ನೀರು ಬಿಡಿ, ಆಸಿಡ್ ಅಥವಾ ಕ್ಷಾರ ಎಂಬ ಅನುಮಾನವಿದ್ದರೆ 20 ನಿಮಿಷಕ್ಕೂ ಹೆಚ್ಚು. ಆಮೇಲೆ ಆಸ್ಪತ್ರೆ. ಕಲ್ನಾರಿನ (ಆಸ್ಬೆಸ್ಟಾಸ್) ಶೀಟು ಕಂಡರೆ ಒಡೆಯಬೇಡಿ, ಬ್ಲೇಡಿಗೆ ಕೊಡಬೇಡಿ. ನೀರು ಚಿಮುಕಿಸಿ, ಪಕ್ಕಕ್ಕಿಟ್ಟು, ತರಬೇತಿ ಇದ್ದವರನ್ನು ಕರೆಸಿ.

ಗುಂಡಿಗೆ ಇಳಿಯುವುದು

ಕಸದ ನೀರು ಕೂಡುವ ತೊಟ್ಟಿ, ಟ್ರಾನ್ಸ್‌ಫರ್ ಸ್ಟೇಷನ್ನಿನ (ಸಣ್ಣ ಗಾಡಿಯಿಂದ ದೊಡ್ಡ ಲಾರಿಗೆ ಕಸ ಸಾಗಿಸುವ ಜಾಗದ) ಗುಂಡಿ, ಮ್ಯಾನ್‌ಹೋಲ್. ಇವಕ್ಕೆ ಒಂದೇ ನಿಯಮ: ಇಳಿಯಬೇಡಿ. ಪಂಪು, ಜೆಟ್, ಉದ್ದದ ಗಳ ಇವುಗಳಿಂದ ಆಗದ ಕೆಲಸ ಅಪರೂಪ.

ಕೊಳೆತ ಕಸದಲ್ಲಿ ಹುಟ್ಟುವ ಹೈಡ್ರೋಜನ್ ಸಲ್ಫೈಡ್ ಕೊಳೆತ ಮೊಟ್ಟೆಯ ವಾಸನೆ ಬೀರುತ್ತದೆ, ನಿಜ. ಆದರೆ ಅದರ ಪ್ರಮಾಣ ಸುಮಾರು 100 ಪಿಪಿಎಂ (ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ 100 ಪಾಲು) ತಲುಪಿದಾಗ ಮೂಗು ಸತ್ತುಹೋಗುತ್ತದೆ. ವಾಸನೆ ಕಡಿಮೆಯಾಯಿತು, ಗಾಳಿ ಶುದ್ಧವಾಯಿತು ಎಂದು ತಿಳಿಯುವುದು ಅಲ್ಲೇ. 700 ಪಿಪಿಎಂ ಮೀರಿದರೆ ಒಂದೆರಡು ಉಸಿರಿಗೆ ಪ್ರಜ್ಞೆ ಹೋಗುತ್ತದೆ. ಗಾಳಿಗಿಂತ ಭಾರವಾದ್ದರಿಂದ ತಳದಲ್ಲಿ ಕೂರುತ್ತದೆ. ಮೀಥೇನ್ ಹಗುರ, ಮೇಲೆ ನಿಲ್ಲುತ್ತದೆ.

ಇಳಿಯದೆ ಗತಿಯೇ ಇಲ್ಲವೆಂದರೆ ಅದು ತರಬೇತಿ, ಲಿಖಿತ ಪರವಾನಗಿ, ಸಲಕರಣೆ ಇರುವ ತಂಡದ ಕೆಲಸ. ಮೀಟರಿನಿಂದ ಮೊದಲು ಆಮ್ಲಜನಕ, ಆಮೇಲೆ ಉರಿಯುವ ಅನಿಲ, ಆಮೇಲೆ ವಿಷಾನಿಲ ಈ ಕ್ರಮದಲ್ಲಿ, ಬಾಯಿ, ನಡು, ತಳ ಮೂರೂ ಕಡೆ ನೋಡಬೇಕು. ಆಮ್ಲಜನಕ 19.5ರಿಂದ 23.5 ಶೇಕಡಾ ಒಳಗಿರಬೇಕು, ಉರಿಯುವ ಅನಿಲ ಅದರ ಕೆಳ ಸ್ಫೋಟ ಮಿತಿಯ (ಗಾಳಿಯಲ್ಲಿ ಹೊತ್ತಿಕೊಳ್ಳಲು ಬೇಕಾದ ಕನಿಷ್ಠ ಪ್ರಮಾಣದ) ಶೇಕಡಾ 10ಕ್ಕಿಂತ ಕೆಳಗಿರಬೇಕು. ಗಾಳಿ ಊದುವ ಯಂತ್ರ ನಿಲ್ಲದೆ ನಡೆಯುತ್ತಿರಬೇಕು, ಮೀಟರ್ ಮೈಮೇಲೇ ಇರಬೇಕು. ಏಕೆಂದರೆ ಇಳಿಯುವಾಗ ಶುದ್ಧವಿದ್ದ ಗಾಳಿ ಕೆಸರು ಕಲಕಿದಾಗ ಕೆಡುತ್ತದೆ. ಅನಿಲ ಕೆಸರಿನೊಳಗೆ ಸೆರೆಯಾಗಿರುತ್ತದೆ, ಸಲಿಕೆ ಹಾಕಿದಾಗ ಬಿಡುಗಡೆಯಾಗುತ್ತದೆ. ಸೊಂಟಪಟ್ಟಿಯಲ್ಲ, ಪೂರ್ತಿ ಮೈಪಟ್ಟಿ, ಮೇಲೆ ತ್ರಿಪಾದಿ ಮತ್ತು ರಾಟೆ.

ಒಳಗಿದ್ದವರು ಕುಸಿದರೆ ಹಿಂದೆಯೇ ಇಳಿಯಬಾರದು. ಒಬ್ಬರ ಸಾವು ಮೂವರದಾಗುವುದು ಹೀಗೆಯೇ. ಹಗ್ಗವಿದ್ದರೆ ರಾಟೆಯಿಂದ ಎಳೆಯಿರಿ, ಇಲ್ಲದಿದ್ದರೆ ಗಾಳಿ ಊದುತ್ತ ಅಗ್ನಿಶಾಮಕ ದಳಕ್ಕೆ ಕಾಯಿರಿ. ಮಾಸ್ಕು, ಬಾಯಿಗೆ ಕಟ್ಟಿದ ಒದ್ದೆ ಬಟ್ಟೆ ಯಾವ ಅನಿಲವನ್ನೂ ತಡೆಯದು.

ಧೂಳು, ಬಿಸಿಲು, ಸದ್ದು, ಇಲಿ

ಒಣಗಿದ ಹಸಿ ಕಸವನ್ನು ಗುಡಿಸುವಾಗ, ಕಾಂಪೋಸ್ಟ್ ತಿರುಗಿಸುವಾಗ ಏಳುವ ಧೂಳಿನಲ್ಲಿ ಬೂಷ್ಟಿನ ಕಣ, ಸತ್ತ ಬ್ಯಾಕ್ಟೀರಿಯಾದ ಚೂರು ತುಂಬಿರುತ್ತವೆ. ಅದನ್ನು ಹೆಚ್ಚಾಗಿ ಉಸಿರಾಡಿದ ನಾಲ್ಕರಿಂದ ಎಂಟು ಗಂಟೆಯ ಮೇಲೆ ಚಳಿ, ಜ್ವರ, ಮೈಕೈ ನೋವು, ಕೆಮ್ಮು ಬಂದು ಒಂದೆರಡು ದಿನದಲ್ಲಿ ಇಳಿಯುತ್ತದೆ. ಫ್ಲೂ ಎಂದುಕೊಳ್ಳುತ್ತಾರೆ. ರಜೆ ಮುಗಿಸಿ ಬಂದ ಸೋಮವಾರ ರಾತ್ರಿಯೇ ಪದೇ ಪದೇ ಜ್ವರ ಬರುತ್ತಿದ್ದರೆ ಧೂಳಿನ ಮೇಲೆ ಅನುಮಾನವಿರಲಿ. ಗುಡಿಸುವ ಮೊದಲು ನೀರು ಚಿಮುಕಿಸಿ, ಚೀಲ ಝಾಡಿಸಬೇಡಿ, ಲೋಡರ್ ಯಂತ್ರದ ಕ್ಯಾಬಿನ್ನಿನ ಗಾಜು ಮುಚ್ಚಿರಲಿ.

ಇಲಿ ಜ್ವರ ಇಲಿಯ ಮೂತ್ರ ಬೆರೆತ ನೀರಿನಿಂದ, ಗೀರಿದ ಚರ್ಮದ ಮೂಲಕ ಬರುತ್ತದೆ. ಲಕ್ಷಣ ಕಾಣಲು 2ರಿಂದ 30 ದಿನ. ಕಾಲಿನ ಮೀನಖಂಡ ಕಿತ್ತು ತಿನ್ನುವಂಥ ನೋವು, ಕೆಂಗಣ್ಣು, ಜ್ವರ ಬಂದರೆ ವೈದ್ಯರಿಗೆ ಮೊದಲ ವಾಕ್ಯವೇ 'ನಾನು ಕಸದ ಕೆಲಸ ಮಾಡುತ್ತೇನೆ' ಎಂದಿರಲಿ. ಅದೊಂದು ಮಾತಿನಿಂದ ಸರಿಯಾದ ಪರೀಕ್ಷೆ ಒಂದು ವಾರ ಮುಂಚೆ ಆಗಬಹುದು.

ಬಿಸಿಲಿನಲ್ಲಿ 15–20 ನಿಮಿಷಕ್ಕೊಮ್ಮೆ ಒಂದು ಲೋಟ, ಅಂದರೆ ಸುಮಾರು 250 ಮಿ.ಲೀ. ನೀರು. ಬಾಯಾರಿಕೆಗೆ ಕಾಯಬಾರದು, ಒಂದು ಗಂಟೆಗೆ ಒಂದೂವರೆ ಲೀಟರ್ ಮೀರಲೂಬಾರದು. ಹೊಸಬರಿಗೆ ಮೊದಲ ದಿನ ಬಿಸಿಲಲ್ಲಿ ಪೂರ್ತಿ ಕೆಲಸದ ಐದನೇ ಒಂದು ಭಾಗ ಸಾಕು, ದಿನಕ್ಕಷ್ಟು ಏರಿಸುತ್ತ ಹೋಗಿ. ಬಿಸಿಲಿನ ಸಾವುಗಳು ಹೆಚ್ಚಾಗಿ ಕೆಲಸಕ್ಕೆ ಸೇರಿದ ಮೊದಲ ದಿನಗಳಲ್ಲೇ ಆಗುತ್ತವೆ. ಮಾತು ತೊದಲಿ ಅರ್ಥವಿಲ್ಲದಂತಾದರೆ ಅದು ಸುಸ್ತಲ್ಲ, ಬಿಸಿಲಾಘಾತ. ಆಂಬ್ಯುಲೆನ್ಸಿಗೆ ಫೋನು, ನೆರಳು, ಮೈತುಂಬ ತಣ್ಣೀರು, ಗಾಳಿ. ಒಯ್ಯುವ ಮೊದಲು ತಣಿಸಬೇಕು.

ಸದ್ದಿಗೆ 8 ಗಂಟೆಯ ಮಿತಿ 85 ಡೆಸಿಬೆಲ್. ಮೂರು ಡೆಸಿಬೆಲ್ ಏರಿದಂತೆಲ್ಲ ಸಮಯ ಅರ್ಧ: 88ಕ್ಕೆ 4 ಗಂಟೆ, 91ಕ್ಕೆ 2 ಗಂಟೆ. ಗಾಜು ಸಂಗ್ರಹಿಸುವ ಲಾರಿ ಇದನ್ನು ಸುಲಭವಾಗಿ ದಾಟುತ್ತದೆ. ಬಾಟಲಿಗಳನ್ನು ಕಡಿಮೆ ಎತ್ತರದಿಂದ ಸುರಿಯುವುದು, ತೊಟ್ಟಿಗೆ ಒಳಗೆ ರಬ್ಬರ್ ಹಾಕಿಸುವುದು ಕಿವಿಯ ಬಿರಡೆಗಿಂತ ಮೊದಲು ಮಾಡಬೇಕಾದ ಕೆಲಸ. ಬಿರಡೆ ತೀರಾ ಬಿಗಿಯಾದರೆ ಹಿಂದಿನ ಗಾಡಿಯೂ ಕೇಳಿಸುವುದಿಲ್ಲ.

ಕೊನೆಗೆ, ಮೈಮೇಲಿನದು

ಗ್ಲೌಸು ಕೊಳ್ಳುವಾಗ ಆಗುವ ದೊಡ್ಡ ತಪ್ಪು ಎಂದರೆ 'ಕಟ್ ರೆಸಿಸ್ಟೆಂಟ್' (ಕೊಯ್ತ ತಡೆಯುವ) ಎಂಬ ಮಾತನ್ನು ಸೂಜಿಗೂ ಅನ್ವಯಿಸುವುದು. ಬಟ್ಟೆಯ ನೂಲು ಗಾಜಿನ ಅಂಚನ್ನು ತಡೆಯುತ್ತದೆ, ಸೂಜಿ ನೂಲುಗಳ ನಡುವೆ ತೂರಿಹೋಗುತ್ತದೆ. ಗ್ಲೌಸಿನ ಯುರೋಪಿಯನ್ ಮಾನದಂಡ ಇಎನ್ 388ರ ಚುಚ್ಚುವ ಪರೀಕ್ಷೆಯಲ್ಲಿ ಬಳಸುವುದೂ ಇಂಜೆಕ್ಷನ್ ಸೂಜಿಯಲ್ಲ, ಅದಕ್ಕಿಂತ ಬಹಳ ದಪ್ಪದ ಮೊಳೆಯಂಥ ಕಡ್ಡಿ. ನಿಜವಾದ ಸೂಜಿಯಿಂದ ಪರೀಕ್ಷಿಸುವುದು ಅಮೆರಿಕದ ಮಾನದಂಡ ಎಎಸ್‌ಟಿಎಂ ಎಫ್2878. ಅದರಲ್ಲಿ ಪಾಸಾದ ಗ್ಲೌಸೂ ಅಪಾಯ ಕಡಿಮೆ ಮಾಡುತ್ತದೆ, ಇಲ್ಲವಾಗಿಸುವುದಿಲ್ಲ. ಅಂಗೈಗೆ ನೀರಿಳಿಯದ ಲೇಪವಿರಲಿ. ಬರೀ ಹತ್ತಿಯ ಗ್ಲೌಸು ಕಸದ ನೀರನ್ನು ಬತ್ತಿಯಂತೆ ಹೀರಿ ಚರ್ಮಕ್ಕೆ ಕಟ್ಟಿಕೊಡುತ್ತದೆ. ಎಲ್ಲರಿಗೂ ಒಂದೇ ಸೈಜು ತರಿಸಬೇಡಿ. ದೊಗಲೆ ಗ್ಲೌಸು ಬಿನ್ನಿನ ಹಿಡಿಗೆ ಸಿಕ್ಕಿ ಕೈಯನ್ನು ಎಳೆದೊಯ್ಯುತ್ತದೆ.

ಬೂಟಿನಲ್ಲಿ ಇಎನ್ ಐಎಸ್‌ಒ 20345ರ ಎಸ್3 ದರ್ಜೆ ನೋಡಿ. ಬೆರಳ ಮೇಲಿನ ಟೋಪಿ 200 ಜೂಲ್ ಪೆಟ್ಟು ತಡೆಯುತ್ತದೆ, ಅಂದರೆ 20 ಕೆ.ಜಿ. ಸುಮಾರು ಒಂದು ಮೀಟರ್ ಎತ್ತರದಿಂದ ಬಿದ್ದಷ್ಟು. ಅಂಗಾಲಿನಲ್ಲಿ ಮೊಳೆ ತಡೆಯುವ ಪದರವಿರುತ್ತದೆ. ಸಾದಾ ಗಮ್‌ಬೂಟಿನಲ್ಲಿ ಎರಡೂ ಇಲ್ಲ. ಪ್ಯಾಂಟಿನ ಕಾಲು ಬೂಟಿನ ಹೊರಗಿರಲಿ, ಒಳಗೆ ತೂರಿಸಿದರೆ ಗಾಜಿನ ಚೂರು ಒಳಕ್ಕೇ ಬೀಳುತ್ತದೆ.

ಧೂಳಿಗೆ ಎನ್95 ಅಥವಾ ಎಫ್‌ಎಫ್‌ಪಿ2 ಮಾಸ್ಕು, ಎರಡೂ ಪಟ್ಟಿ ಹಾಕಿ, ಮೂಗಿನ ಮೇಲೆ ತಂತಿ ಒತ್ತಿ. ಗಡ್ಡವಿದ್ದರೆ ಅಂಚಿನಿಂದಲೇ ಗಾಳಿ ನುಗ್ಗುತ್ತದೆ. ಒದ್ದೆಯಾದದ್ದನ್ನು, ಉಸಿರು ಭಾರವಾಗುವಂತಾದದ್ದನ್ನು ಬಿಸಾಕಿ. ರಿಫ್ಲೆಕ್ಟರ್ ಜಾಕೆಟ್ಟಿನ ಪಟ್ಟಿಗೆ ಕೊಳೆ ಮೆತ್ತಿದರೆ ಅದು ಬರೀ ಜಾಕೆಟ್ಟು. ವಾರಕ್ಕೊಮ್ಮೆ ಕತ್ತಲಲ್ಲಿ ಟಾರ್ಚು ಬಿಟ್ಟು ನೋಡಿ, ಹೊಳೆಯದಿದ್ದರೆ ಬದಲಿಸಿ.

ತೆಗೆಯುವ ಕ್ರಮವೂ ಇದೆ. ಗ್ಲೌಸಿನ ಹೊರಮೈಯನ್ನು ಮಣಿಕಟ್ಟಿನ ಬಳಿ ಚಿವುಟಿ ಒಳಮೈ ಹೊರಗಾಗುವಂತೆ ಎಳೆಯಿರಿ. ಬರಿಬೆರಳನ್ನು ಎರಡನೆಯದರ ಒಳಗೆ ತೂರಿಸಿ ಅದನ್ನೂ ಹಾಗೆಯೇ ತೆಗೆಯಿರಿ. ಆಮೇಲೆ ಸೋಪು, ನೀರು, 20 ಸೆಕೆಂಡು. ಕಣ್ಣಿಗೆ ಕಾಣುವ ಕೊಳೆಯಿರುವ ಕೈಗೆ ಸ್ಯಾನಿಟೈಸರ್ ಹೆಚ್ಚು ಕೆಲಸ ಮಾಡದು. ಊಟ, ಬೀಡಿ, ಎಲೆಅಡಿಕೆ ಎಲ್ಲ ಇದಾದ ಮೇಲೆ. ಕೆಲಸದ ಬಟ್ಟೆ, ಬೂಟು ಡಿಪೋದಲ್ಲೇ ಉಳಿಯಲಿ, ಬಟ್ಟೆಯನ್ನು 60 ಡಿಗ್ರಿ ಬಿಸಿನೀರಿನಲ್ಲಿ ಬೇರೆಯಾಗಿ ಒಗೆಯಿರಿ. ಡಿಪೋದಲ್ಲಿ ಒಗೆಯುವ ಯಂತ್ರ, ಸ್ನಾನದ ಮನೆ ಇಲ್ಲದಿದ್ದರೆ ಮುಂದಿನ ಖರೀದಿ ಪಟ್ಟಿಯಲ್ಲಿ ಇನ್ನೊಂದು ಪೆಟ್ಟಿಗೆ ಗ್ಲೌಸಿಗಿಂತ ಮೊದಲು ಅವನ್ನು ಬರೆಯಿರಿ.